ನೀರಿನಲ್ಲಿ ಮಾಯುವ ಚರ್ಮ

ಒದ್ದೆ ಕಾಗದಕ್ಕೆ ಗೋಂದು ಹಚ್ಚಿ ನೋಡಿದವರಿಗೆಲ್ಲ ನೀರಿನ ಒಂದು ಗುಣ ಗೊತ್ತು. ಕೂಡಬೇಕಾದ ಎರಡು ಮೈಗಳ ನಡುವೆ ಸೇರಿಕೊಂಡು ಅದು ಅವನ್ನು ಕೂಡಗೊಡುವುದಿಲ್ಲ. ತುಂಡಾದರೂ ತಾವಾಗಿಯೇ ಬೆಸೆದುಕೊಳ್ಳುವ ವಸ್ತುಗಳನ್ನು ರೂಪಿಸುವ ವಿಜ್ಞಾನಿಗಳಿಗೂ ಇದೇ ತೊಡಕು ಬಹುಕಾಲ ಕಾಡಿತ್ತು. ಅಂತಹ ಹಲವು ವಸ್ತುಗಳನ್ನು ಹೊಲಿದು ಹಿಡಿದಿರುವುದು ಹೈಡ್ರೋಜನ್ ಬಂಧ. ನೀರಿನ ಅಣುಗಳೂ ಅದೇ ಬಂಧಕ್ಕೆ ಕೈಚಾಚುವುದರಿಂದ ಆ ಹೊಲಿಗೆ ನೀರಿನಡಿಯಲ್ಲಿ ನಿಲ್ಲದು.

ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಬೆಂಜಮಿನ್ ಟೀ ಮತ್ತು ಅವರ ಸಂಗಡಿಗರು 2019ರಲ್ಲಿ ಪ್ರಕಟಿಸಿದ ಎಲೆಕ್ಟ್ರಾನಿಕ್ ಚರ್ಮ ಈ ತೊಡಕನ್ನು ದಾಟಿತು. ಜೆಲ್ಲಿ ಮೀನಿನಿಂದ ಪ್ರೇರಣೆ ಪಡೆದ ಅದು ಪಾರದರ್ಶಕ. ಎಳೆದರೆ ಹಿಗ್ಗುತ್ತದೆ, ಮುಟ್ಟಿದರೆ, ಒತ್ತಿದರೆ ವಿದ್ಯುತ್ ಗುಣ ಬದಲಿಸಿ ತಿಳಿಸುತ್ತದೆ. ಕತ್ತರಿಸಿದರೆ ನೀರಿನೊಳಗೇ ಕೂಡಿಕೊಳ್ಳುತ್ತದೆ. ಇದರ ಗುಟ್ಟು ಫ್ಲೋರಿನ್. ಎಲೆಕ್ಟ್ರಾನನ್ನು ಅತಿ ಬಲವಾಗಿ ಸೆಳೆಯುವ ಧಾತು ಎಂದು ತರಗತಿಯಲ್ಲಿ ಒಂದು ಸಾಲು ಹೇಳಿ ಮುಂದೆ ಸಾಗುತ್ತಿದ್ದೆವಲ್ಲ, ಅದೇ. ಫ್ಲೋರಿನ್ ತುಂಬಿದ ಪಾಲಿಮರ್ ಜಾಲಕ್ಕೂ ಅದರೊಳಗಿನ ಅಯಾನಿಕ ದ್ರವಕ್ಕೂ ನಡುವಿನ ಸೆಳೆತ ಬಿಟ್ಟು ಮತ್ತೆ ಕೂಡಬಲ್ಲದು. ನೀರಿಗೆ ಅಲ್ಲಿ ಪ್ರವೇಶವಿಲ್ಲ.

ಇದರ ಉಪಯೋಗವೇನು ಎಂದು ಕೇಳುವವರುಂಟು. 2016ರಲ್ಲಿ ರಾಬರ್ಟ್ ವುಡ್, ಡೇವಿಡ್ ಗ್ರೂಬರ್ ಮೊದಲಾದವರು ಕೆಂಪು ಸಮುದ್ರದ ಹವಳದ ದಿಬ್ಬಗಳಲ್ಲಿ ಮೃದುವಾದ ಯಂತ್ರಬೆರಳುಗಳನ್ನು ಪರೀಕ್ಷಿಸಿದ್ದರು. ಕಬ್ಬಿಣದ ಇಕ್ಕಳ ಹಿಡಿದರೆ ಪುಡಿಯಾಗುವ ಜೀವಿಗಳನ್ನು ಅವು ನೋಯಿಸದೆ ಹಿಡಿಯಬಲ್ಲವು. ಅಂತಹ ಬೆರಳಿಗೆ ಎಷ್ಟು ಒತ್ತುತ್ತಿದ್ದೇನೆಂಬ ಅರಿವೂ, ಹವಳ ಗೀರಿದ ಗಾಯ ಮಾಯುವ ಶಕ್ತಿಯೂ ಬಂದರೆ ಅದು ಸಣ್ಣ ಮಾತಲ್ಲ.

ಆದರೆ ಇಂತಹ ವಸ್ತುಗಳಿಂದ ಎಲೆಕ್ಟ್ರಾನಿಕ್ ಕಸ ತಗ್ಗುತ್ತದೆಂಬ ಮಾತನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತು ಹೊರಹಾಕಿದ ಇಂತಹ ಕಸ ಸುಮಾರು 620 ಲಕ್ಷ ಟನ್. ಸರಿಯಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಅದರ ಕಾಲುಭಾಗಕ್ಕೂ ಕಡಿಮೆ. ಚರ್ಮ ಮಾಯಬಹುದು; ಅದರಡಿಯ ಬ್ಯಾಟರಿ, ಚಿಪ್ಪು, ತಂತಿ ಮಾಯುವುದಿಲ್ಲ. ಅವು ಕೆಟ್ಟ ದಿನ ಗಟ್ಟಿ ಚರ್ಮವೂ ಕಸವೇ. ಅದೂ ಎಂತಹ ಕಸ! ಇಂಗಾಲ ಮತ್ತು ಫ್ಲೋರಿನ್‌ಗಳ ಬಂಧ ರಸಾಯನಶಾಸ್ತ್ರದ ಅತಿ ಗಟ್ಟಿ ಬಂಧಗಳಲ್ಲೊಂದು. ಸೂಕ್ಷ್ಮಜೀವಿಗಳಿಗೆ ಅದನ್ನು ಮುರಿಯುವುದು ಬಲು ಕಷ್ಟ. ಬಹುಪಾಲು ನೀರೇ ಆಗಿರುವ ಜೆಲ್ಲಿ ಮೀನು ಸತ್ತರೆ ಬೇಗನೆ ಕರಗಿ ಕಡಲಿಗೆ ಸೇರುತ್ತದೆ. ಅದರ ಬದುಕನ್ನು ಅನುಕರಿಸಿದವರು ಸಾವನ್ನು ಅನುಕರಿಸಿಲ್ಲ.

ಪ್ರಯೋಗಶಾಲೆಯ ತೊಟ್ಟಿಯಲ್ಲಿ ಇದು ತೊಂದರೆಯಲ್ಲ, ಕೈಹಾಕಿ ತೆಗೆಯಬಹುದು. ನೂರಾರು ಮೃದುಯಂತ್ರಗಳು ಕಡಲಿಗಿಳಿದಾಗ ಕೆಲವು ಮರಳಿ ಬಾರವು. ಆದ್ದರಿಂದ ಇಂತಹ ಸಂಶೋಧನೆಗೆ ಹಣ ನೀಡುವವರು, ಚರ್ಮ ಎಷ್ಟು ಬಾರಿ ಮಾಯಿತೆಂಬ ಲೆಕ್ಕದ ಪಕ್ಕದಲ್ಲಿಯೇ, ಕಳೆದುಹೋದ ತುಂಡು ಉಪ್ಪುನೀರಿನಲ್ಲಿ ಎಷ್ಟು ವರ್ಷ ಉಳಿಯುತ್ತದೆ, ಏನಾಗಿ ಒಡೆಯುತ್ತದೆ ಎಂಬ ಲೆಕ್ಕವನ್ನೂ ಈಗಲೇ ಕೇಳಬೇಕು.