ಪೂರ್ವಗ್ರಹವೂ ಪರಿಗ್ರಹವೇ

‘ಪೂರ್ವ’ ಎಂದರೆ ಮೊದಲು. ‘ಗ್ರಹ’ ಎಂದರೆ ಹಿಡಿಯುವುದು. ವಸ್ತುವನ್ನು ಅರಿಯುವ ಮೊದಲೇ ಅಭಿಪ್ರಾಯವೊಂದನ್ನು ಬಿಗಿಯಾಗಿ ಹಿಡಿದುಕೊಳ್ಳುವುದೇ ಪೂರ್ವಗ್ರಹ. ‘ಪೂರ್ವಗ್ರಹಪೀಡಿತ’ ಎಂಬ ಪ್ರಯೋಗವೂ ಅರ್ಥಪೂರ್ಣವಾದುದು. ಹಿಡಿದವನನ್ನೇ ಅದು ಪೀಡಿಸುತ್ತದೆ.

ಜೈನರಿಗೆ ಚಿರಪರಿಚಿತವಾದ ‘ಪರಿಗ್ರಹ’ ಪದವೂ ಇದೇ ಧಾತುವಿನಿಂದ ಬಂದಿದೆ. ಹೊಲ, ಮನೆ, ಹೊನ್ನು, ಧಾನ್ಯ ಮೊದಲಾದವು ಬಾಹ್ಯ ಪರಿಗ್ರಹಗಳು. ಅಂತರಂಗದ ಪರಿಗ್ರಹಗಳು 14. ಅವುಗಳಲ್ಲಿ ಮೊದಲನೆಯದು ಮಿಥ್ಯಾತ್ವ. ಆಚಾರ್ಯ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಮಿಥ್ಯಾದರ್ಶನವನ್ನು ನೈಸರ್ಗಿಕ ಮತ್ತು ಪರೋಪದೇಶಪೂರ್ವಕ ಎಂದು ವಿಂಗಡಿಸಿದ್ದಾರೆ. ಎರಡನೆಯದು ಪರರ ಮಾತಿನಿಂದ ಅಂಟಿಕೊಂಡದ್ದು. ಶಾಸ್ತ್ರವು ಇಲ್ಲಿ ತತ್ತ್ವಶ್ರದ್ಧೆಯನ್ನು ಕುರಿತು ಹೇಳಿದರೂ ಲೋಕವ್ಯವಹಾರದಲ್ಲಿಯೂ ರೋಗದ ಬಗೆ ಒಂದೇ. ನೆರೆಯವನ ಕುಲ, ಮತಗಳ ಬಗ್ಗೆ ಯಾರೋ ಆಡಿದ ಮಾತು ಪರೀಕ್ಷೆಯಿಲ್ಲದೆ ಮನಸ್ಸಿನಲ್ಲಿ ನೆಲೆಯೂರುತ್ತದೆ.

ಹಾಗೆಂದು ದೃಢವಾದ ಶ್ರದ್ಧೆಯೆಲ್ಲ ಪೂರ್ವಗ್ರಹವಲ್ಲ. ಸಮಂತಭದ್ರಾಚಾರ್ಯರು ‘ಆಪ್ತಮೀಮಾಂಸೆ’ಯಲ್ಲಿ ಆಪ್ತನ ಮಹಿಮೆಯನ್ನೇ ಪರೀಕ್ಷೆಗೊಡ್ಡಿದರು. ದೇವತೆಗಳ ಆಗಮನವಾಗಲಿ, ಚಾಮರಾದಿ ವೈಭವಗಳಾಗಲಿ ಪೂಜ್ಯತೆಗೆ ಸಾಲವೆಂದರು. ಶ್ರದ್ಧೆ ಪರೀಕ್ಷೆಗೆ ಅಂಜದು. ಪೂರ್ವಗ್ರಹ ಪರೀಕ್ಷೆಯನ್ನೇ ಒಲ್ಲದು. ‘ಇದು ಹೀಗೆಯೇ’ ಎಂಬ ಏಕಾಂತದ ಹಟಕ್ಕೆ ‘ಸ್ಯಾತ್’, ಅಂದರೆ ‘ಒಂದು ಅಪೇಕ್ಷೆಯಿಂದ’ ಎಂಬ ಪದವೇ ಮದ್ದು.

ಶ್ರಾವಕನು ಪರಿಗ್ರಹಪರಿಮಾಣ ವ್ರತದಿಂದ ಸಂಪತ್ತಿಗೆ ಮಿತಿ ಹಾಕಿಕೊಳ್ಳುತ್ತಾನೆ. ಹೊನ್ನನ್ನು ಎಣಿಸುವವನು ಚಿತ್ತದಲ್ಲಿ ಕೂಡಿಟ್ಟ ತೀರ್ಪುಗಳನ್ನೂ ಒಮ್ಮೆ ಎಣಿಸಬೇಕು. ಹೆಚ್ಚಾದ ಹೊನ್ನನ್ನು ದಾನ ಮಾಡಬಹುದು. ಪೂರ್ವಗ್ರಹವನ್ನಾದರೋ ಯಾರಿಗೂ, ಮಕ್ಕಳಿಗಂತೂ ಕೊಡದೆ ತ್ಯಜಿಸಬೇಕು.