ಊರ ಕಲ್ಲಿನ ಪಾಠ

ಇತಿಹಾಸವನ್ನು ಕಾಣಲು ಹಂಪೆಗೋ ಬೇಲೂರಿಗೋ ಹೋಗಲೇಬೇಕೆಂದು ಭಾವಿಸುವವರು ಹಲವರು. ಆದರೆ ನಿಜವಾದ ಇತಿಹಾಸಪ್ರಿಯನು ಶನಿವಾರ, ಭಾನುವಾರಗಳ ಬಿಡುವಿನಲ್ಲಿ ತನ್ನ ಊರಿನಲ್ಲಿಯೇ ಅದನ್ನು ಕಾಣಬಲ್ಲನು.

ಬೆಂಗಳೂರನ್ನೇ ನೋಡಿ. ಕೆಂಪೇಗೌಡನು ಇಲ್ಲಿ ಕೋಟೆ ಕಟ್ಟಿಸಿದುದು 1537ರಲ್ಲಿ ಎಂಬುದು ಪ್ರತೀತಿ. ಆದರೆ ಬೇಗೂರಿನ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 890ರ ಶಾಸನವು ಆಗಲೇ ಬೆಂಗಳೂರಿನ ಕಾಳಗವನ್ನು ಹೆಸರಿಸುತ್ತದೆ. ಹೆಬ್ಬಾಳದಲ್ಲಿ 2018ರಲ್ಲಿ ನೆಲವನ್ನು ಅಗೆಯುವಾಗ ದೊರೆತ ಕಿತ್ತಯ್ಯನ ವೀರಗಲ್ಲು ಇನ್ನೂ ಹಳೆಯದು, ಸುಮಾರು ಕ್ರಿ.ಶ. 750ರದು. ಅದು ಗಂಗರ ಶ್ರೀಪುರುಷನ ಕಾಲದಲ್ಲಿ ನಾಡಿಗಾಗಿ ಮಡಿದವನ ನೆನಪು.

ಇದರಲ್ಲಿ ಮನರಂಜನೆ ಎಲ್ಲಿದೆ ಎಂದು ಕೆಲವರು ಕೇಳಬಹುದು. ಬುತ್ತಿ ಕಟ್ಟಿಕೊಂಡು ಗೆಳೆಯರೊಡನೆ ಹೋಗಿ, ಹಳಗನ್ನಡದ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಓದುವ ಸಂತೋಷವು ಯಾವ ಚಲನಚಿತ್ರಕ್ಕೂ ಕಡಿಮೆಯಲ್ಲ.

ಸಂತೋಷಕ್ಕಿಂತಲೂ ಮಿಗಿಲಾದ ಕಾರಣವೊಂದುಂಟು. ಬಿ. ಎಲ್. ರೈಸ್ ಅವರ 1905ರ ಶಾಸನಸಂಪುಟದಲ್ಲಿ ದಾಖಲಾದ ಎಷ್ಟೋ ಕಲ್ಲುಗಳು ನಗರ ಬೆಳೆದಂತೆ ಕಣ್ಮರೆಯಾದವು. ಕಿತ್ತಯ್ಯನ ಕಲ್ಲಿಗಾದರೋ ನಾಗರಿಕರೇ ಮಂಟಪ ಕಟ್ಟಿಸಿದರು. ಅದರ ಬೆಲೆಯನ್ನು ಅವರು ಅರಿತಿದ್ದುದೇ ಇದಕ್ಕೆ ಕಾರಣ. ಅರಿಯದವರಿಗೆ ಶಾಸನವೂ ಬರಿಯ ಚಪ್ಪಡಿಯೇ. ಊರಿನ ಕಲ್ಲನ್ನು ಕಾಯುವುದು ಬೇಲಿಯಲ್ಲ, ಊರಿನವರ ಅರಿವು.