ಬ್ಯಾಟರಿ ತಂಪಿಡೋ ಮೇಣ, ಶೀಟು: ನಮ್ಮ ಬಿಸಿಲಿಗೆ ಸಾಕಾಗುತ್ತಾ?

ರಾಯಚೂರು, ಕಲಬುರಗಿ ಭಾಗದಲ್ಲಿ ಈಗ ಅಂಗಡಿ ಸಾಮಾನು ಸಾಗಿಸೋಕೂ ಎಲೆಕ್ಟ್ರಿಕ್ ಸ್ಕೂಟರ್ ಬಂದಿವೆ. ರಾತ್ರಿ ಶಟರ್ ಎಳೆದ ಮೇಲೆ ಚಾರ್ಜ್‌ಗೆ ಹಾಕೋದು ಅಂಗಡಿಯೊಳಗೇ. ಎಷ್ಟೋ ಕಡೆ ಮೇಲ್ಗಡೆ ಮನೆ. ಹಾಗಾಗಿ ಮೈಲೇಜ್ ಎಷ್ಟು ಅಂತ ಕೇಳಿದಷ್ಟೇ ಗಟ್ಟಿಯಾಗಿ, ಬ್ಯಾಟರಿಯ ಬಿಸಿ ಎಲ್ಲಿಗೆ ಹೋಗುತ್ತೆ ಅಂತಲೂ ಕೇಳಬೇಕು.

2022ರ ಮಾರ್ಚ್‌ನಲ್ಲಿ ತಮಿಳುನಾಡಿನ ವೆಲ್ಲೂರಿನಲ್ಲಿ ರಾತ್ರಿ ಮನೆಯಲ್ಲಿ ಚಾರ್ಜ್‌ಗೆ ಹಾಕಿದ್ದ ಸ್ಕೂಟರ್ ಹೊತ್ತಿ, ಹೊಗೆಗೆ ಸಿಕ್ಕಿ ತಂದೆ-ಮಗಳು ಜೀವ ಬಿಟ್ಟರು. ಅಂಥ ಘಟನೆಗಳ ನಂತರ ಕೇಂದ್ರ ಸರ್ಕಾರ ಎಐಎಸ್-156 ನಿಯಮವನ್ನು ಬಿಗಿ ಮಾಡಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತವಾಗಿ ಜಾರಿಗೆ ತಂದಿತು. ಒಂದು ಸೆಲ್ ಕೆಟ್ಟರೂ ಬೆಂಕಿ ಇಡೀ ಪ್ಯಾಕ್‌ಗೆ ಹಬ್ಬಬಾರದು ಅನ್ನೋದು ಅದರ ಮುಖ್ಯ ಆಶಯ.

ಸ್ಕೂಟರ್ ಬ್ಯಾಟರಿಗಳಲ್ಲಿ ಸಾಮಾನ್ಯವಾಗಿ ಫ್ಯಾನ್ ಇರಲ್ಲ, ಪಂಪ್ ಇರಲ್ಲ. ಅಲ್ಯೂಮಿನಿಯಂ ಡಬ್ಬಿ ಬಿಸಿಯನ್ನು ಹೊರಗೆ ಬಿಡುತ್ತೆ. ಸೆಲ್‌ಗಳ ನಡುವೆ ಮೈಕಾ ಅಥವಾ ಏರೋಜೆಲ್ ಶೀಟ್ ಇಟ್ಟರೆ, ಒಂದರ ಬಿಸಿ ಪಕ್ಕದ್ದಕ್ಕೆ ದಾಟೋದು ತಡವಾಗುತ್ತೆ. ಇನ್ನು ಕೆಲವು ಪ್ಯಾಕ್‌ಗಳಲ್ಲಿ ಮೇಣದಂಥ ವಸ್ತು ತುಂಬಿರ್ತಾರೆ. ಒಂದು ಕಿಲೋ ಪ್ಯಾರಾಫಿನ್ ಮೇಣ ಕರಗುವಾಗ ಸುಮಾರು 200 ಕಿಲೋಜೌಲ್ ಶಾಖ ಹೀರುತ್ತೆ. ಅಂದ್ರೆ ಒಂದು ಲೀಟರ್ ನೀರನ್ನು 30 ಡಿಗ್ರಿಯಿಂದ 75 ಡಿಗ್ರಿ ದಾಟಿಸುವಷ್ಟು.

ಆದ್ರೆ ತೊಡಕು ಇರೋದು ಇಲ್ಲೇ. ಮೇಣ ಪೂರ್ತಿ ಕರಗಿದ ಮೇಲೆ ಅದರ ಕೋಟಾ ಮುಗೀತು. ಮತ್ತೆ ಗಟ್ಟಿಯಾಗೋವರೆಗೆ ಹೆಚ್ಚೇನೂ ಹೀರಲ್ಲ. 40 ಡಿಗ್ರಿಗೆ ಕರಗೋ ಮೇಣ ತಂಪು ಊರಿಗೆ ಸರಿ. ಮೇ ತಿಂಗಳಲ್ಲಿ 42 ಡಿಗ್ರಿ ಕಾಣೋ ನಮ್ಮಲ್ಲಿ, ಬಿಸಿಲಿಗೆ ನಿಲ್ಲಿಸಿದ ಗಾಡಿಯೊಳಗೆ ಅದು ಓಡಿಸೋ ಮುಂಚೆಯೇ ಕರಗಿರುತ್ತೆ. ಇಲ್ಲಿಗೆ ಇನ್ನೂ ಹೆಚ್ಚು ಉಷ್ಣಾಂಶಕ್ಕೆ ಕರಗೋದೇ ಬೇಕು. ಜೊತೆಗೆ ಮೇಣ ತಾನೇ ಉರಿಯೋ ವಸ್ತು. ಹಾಗಾಗಿ ಮೇಣ ಇದೆ ಅಂತ ಶೀಟ್ ಬಿಡೋ ಹಾಗಿಲ್ಲ.

ಇನ್ನೊಂದು ಅಪಾಯ ರಿಪೇರಿಯಲ್ಲಿದೆ. ಹಳೇ ಪ್ಯಾಕ್ ಬಿಚ್ಚಿ ಕಡಿಮೆ ರೇಟಿಗೆ ಸೆಲ್ ಬದಲಿಸುವಾಗ, ನಡುವಿನ ಶೀಟ್ ತೆಗೆದು ಹಾಕಿದ್ರೆ ಹೊರಗಿನಿಂದ ಗೊತ್ತಾಗಲ್ಲ. ಗಾಡಿ ಓಡುತ್ತೆ, ಮೈಲೇಜೂ ಬರುತ್ತೆ. ಹೋಗಿರೋದು ರಕ್ಷಣೆ ಮಾತ್ರ.

ಕೊಳ್ಳುವಾಗ ಮೂರು ಮಾತು ಕೇಳಿ: ಪ್ಯಾಕ್‌ಗೆ ಎಐಎಸ್-156 ಸರ್ಟಿಫಿಕೇಟ್ ಇದೆಯಾ? ಸೆಲ್ ನಡುವೆ ಏನು ಹಾಕಿದ್ದೀರಿ? ಎಷ್ಟು ಡಿಗ್ರಿ ಬಿಸಿಲಿಗೆ ಪರೀಕ್ಷೆ ಆಗಿದೆ? ಬಳಸುವಾಗ, ಸುತ್ತಾಡಿ ಬಂದ ತಕ್ಷಣ ಚಾರ್ಜ್‌ಗೆ ಹಾಕಬೇಡಿ. ನೆರಳಲ್ಲಿ ಅರ್ಧ-ಮುಕ್ಕಾಲು ಗಂಟೆ ಆರಲಿ. ಫ್ಯಾನ್ ಇಲ್ಲದ ಬ್ಯಾಟರಿಗೆ ಈ ವಿರಾಮವೇ ತಂಪು. ಚಾರ್ಜಿಂಗ್ ಜಾಗ ಮಾತ್ರ ಮೆಟ್ಟಿಲ ಬುಡದಲ್ಲೂ ಬೇಡ, ಬಾಗಿಲ ಪಕ್ಕದಲ್ಲೂ ಬೇಡ. ಅನಾಹುತ ಆದ್ರೆ ಮನೆಯವರು ಹೊರಬರೋ ದಾರಿ ಅದೇ.